ಒಣಗಿಸುವ ಕಾಲದಿಂದ ಪಸೆಯ ಕಾಲಕ್ಕೆ

ನಾನು ದಾದಿಯಾಗಿ ಕೆಲಸಕ್ಕೆ ಸೇರಿದಾಗ ಡ್ರೆಸ್ಸಿಂಗ್ ಟ್ರೇಯಲ್ಲಿ ಇರುತ್ತಿದ್ದದ್ದು ಹೈಡ್ರೋಜನ್ ಪೆರಾಕ್ಸೈಡ್, ಯೂಸಾಲ್, ಕೆಂಪು ಮರ್ಕ್ಯುರೋಕ್ರೋಮ್, ಗಾಜ್ ಬಟ್ಟೆ, ಹತ್ತಿ. ಗಾಯ ಒಣಗಿದರೆ ಮಾಯುತ್ತದೆ ಎಂಬುದು ಎಲ್ಲರ ನಂಬಿಕೆ. ಯೂಸಾಲ್ ಮೊದಲ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದಲ್ಲಿ ತಯಾರಾದ ದ್ರಾವಣ. ಸೈನಿಕರ ಗಾಯಕ್ಕೆಂದು ಹುಟ್ಟಿದ್ದು ನಮ್ಮೂರು ಕೊಕ್ಕಡದ ಅಡಿಕೆ ತೋಟದಲ್ಲಿ ದುಡಿಯುವವರ ಅಂಗಾಲಿಗೂ ಬಂತು. ಮರುದಿನ ಬೆಳಗ್ಗೆ ಗಾಜ್ ಗಾಯಕ್ಕೆ ಕಚ್ಚಿಕೊಂಡಿರುತ್ತಿತ್ತು. ಎಳೆದರೆ ರಕ್ತ; ಅದರ ಜೊತೆಗೇ ಆಗಷ್ಟೇ ಹುಟ್ಟಿದ ಎಳೆ ಮಾಂಸವೂ ಕಿತ್ತು ಬರುತ್ತಿತ್ತು. ಬೇರೆಯವರು ಕಿರುಚುತ್ತಿದ್ದರು. ಶುಗರ್ ಇದ್ದವರು ಮಾತ್ರ, "ನೋವೇ ಇಲ್ಲ ಸಿಸ್ಟರ್, ಎಳೆಯಿರಿ" ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಭಯವಾಗುತ್ತಿತ್ತು.

ಶುಗರಿನಿಂದ ನರ ಸತ್ತ ಪಾದಕ್ಕೆ ನಮ್ಮೂರು ಸುಲಭದ ಊರಲ್ಲ. ಧಾರಾಕಾರ ಮಳೆ, ಕೆಸರಿನ ತೋಟ, ರಬ್ಬರ್ ಗುಡ್ಡೆ, ಬರಿಗಾಲಿನ ಕೆಲಸ. ಚಪ್ಪಲಿಯೊಳಗೆ ಹೊಕ್ಕ ಕಲ್ಲು ಸಂಜೆಯವರೆಗೂ ಗೊತ್ತಾಗುವುದಿಲ್ಲ. ಬಚ್ಚಲ ಹಂಡೆಯ ನೀರು ಕಾಲು ಸುಟ್ಟದ್ದೂ ಗೊತ್ತಾಗುವುದಿಲ್ಲ.

ಇಲ್ಲಿಯ ದೇವರೇ ವೈದ್ಯನಾಥೇಶ್ವರ. ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತವರು ಕೋರಿ ಜಾತ್ರೆಯಲ್ಲಿ ದೇವರ ಗದ್ದೆಗೆ ಸೊಪ್ಪು ಹಾಕುತ್ತಾರೆ. ಕಾಲಲ್ಲಿ ಹುಣ್ಣಿದ್ದವರು "ಗದ್ದೆಗೆ ಇಳಿಯಬಹುದಾ?" ಎಂದು ಕೇಳಿದರೆ, "ಸೊಪ್ಪನ್ನು ಮಕ್ಕಳ ಕೈಯಲ್ಲಿ ಕಳಿಸಿ, ದೇವರಿಗೆ ಸಲ್ಲುತ್ತದೆ" ಎನ್ನುತ್ತಿದ್ದೆ. ಹರಕೆಗೆ ಅಡ್ಡ ಬರಲು ನನಗೆ ಮನಸ್ಸಿರಲಿಲ್ಲ, ತೆರೆದ ಗಾಯವನ್ನು ಕೆಸರಿಗಿಳಿಸಲೂ ಇರಲಿಲ್ಲ.

1962ರಲ್ಲೇ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ಪಾಲಿಥೀನ್ ಹಾಳೆ ಮುಚ್ಚಿ ಪಸೆ ಉಳಿಸಿದ ಗಾಯ, ಗಾಳಿಗೆ ಬಿಟ್ಟು ಒಣಗಿಸಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಕಟ್ಟುತ್ತದೆಂದು ತೋರಿಸಿದ್ದರು. ಆ ತಿಳಿವಳಿಕೆ ನಮ್ಮ ಟ್ರೇಗೆ ಇಳಿಯಲು ದಶಕಗಳೇ ಹಿಡಿದವು. ಮೊದಲು ಪೆರಾಕ್ಸೈಡ್ ಬಿಟ್ಟು ಬರೀ ಸಲೈನ್‌ನಲ್ಲಿ ತೊಳೆಯುವುದು ಬಂತು. ಆಮೇಲೆ ಹೈಡ್ರೋಜೆಲ್, ಫೋಮ್, ಕಡಲ ಪಾಚಿಯಿಂದ ಮಾಡಿದ ಆಲ್ಜಿನೇಟ್. ಸೋರುವ ಗಾಯದೊಳಗೆ ಆಲ್ಜಿನೇಟ್ ಇಟ್ಟರೆ ಅದು ರಸ ಹೀರಿ ಲೋಳೆಸರದ ತಿರುಳಿನಂತೆ ಆಗುತ್ತದೆ. ಸಲೈನ್ ಸುರಿದರೆ ಜಾರಿ ಬರುತ್ತದೆ, ರಕ್ತವಿಲ್ಲ. ಮೊದಲ ಸಲ ಅದನ್ನು ಕಂಡಾಗ ಆದ ಸಂತೋಷ ನನಗೆ ಇಂದಿಗೂ ನೆನಪಿದೆ.

ಈ ಹೊಸ ಪಟ್ಟಿಗಳ ಬೆಲೆ ಹೆಚ್ಚು, ನಿಜ. ಆದರೆ ದಿನಾ ಡ್ರೆಸ್ಸಿಂಗ್‌ಗೆ ಬರಬೇಕಾಗಿದ್ದವರು ಮೂರು ನಾಲ್ಕು ದಿನಕ್ಕೊಮ್ಮೆ ಬಂದರೆ ಸಾಕಾಯಿತು. ಜೀಪಿನ ಬಾಡಿಗೆ, ಜೊತೆಗೆ ಬರುವ ಮಗನ ಕೂಲಿ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಹುಣ್ಣಿನ ಕಾಲೂರಿ ಬಸ್ ಸ್ಟ್ಯಾಂಡಿಗೆ ನಡೆಯುವುದು ತಪ್ಪಿತು.

ಅಷ್ಟಾದರೂ ಪಟ್ಟಿಯೇ ಗುಣ ಮಾಡುತ್ತದೆಂದು ನಂಬಿದವರು ಕಾಲು ಕಳೆದುಕೊಂಡದ್ದನ್ನು ಕಂಡಿದ್ದೇನೆ. ರಕ್ತ ಹರಿಯದ ಪಾದಕ್ಕೆ ಯಾವ ಪಟ್ಟಿಯೂ ಸಾಲದು. ಕೀವು ತುಂಬಿದ ಗಾಯವನ್ನು ಮುಚ್ಚಿಡುವುದಂತೂ ಅಪಾಯ. ಬೆಳ್ಳಿ ಬೆರೆಸಿದ ದುಬಾರಿ ಪಟ್ಟಿಯನ್ನಾಗಲಿ ಜೇನನ್ನಾಗಲಿ ಹುಣ್ಣು ಮಾಯಿಸಲೆಂದು ಬಳಸಬೇಡಿ ಎಂದು ಮಧುಮೇಹಿ ಪಾದದ ಅಂತರರಾಷ್ಟ್ರೀಯ ತಜ್ಞರ ಬಳಗ 2023ರಲ್ಲಿ ಹೇಳಿದೆ. ಅಂಗಾಲಿನ ಹುಣ್ಣಿಗೆ ಮೊದಲ ಮದ್ದು ಅದರ ಮೇಲಿನ ಭಾರ ಇಳಿಸುವುದು. ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದಗಳಿಂದ ಕಲಿತ ಪಾಠವಿದು. ಮುಂದೆ ಅಮೆರಿಕದಲ್ಲಿ ಅವರು ಅದನ್ನೇ ಮಧುಮೇಹಿಗಳಿಗೂ ಅನ್ವಯಿಸಿದರು. ಪಾದಕ್ಕೆ ಒಪ್ಪುವ ಪ್ಲಾಸ್ಟರ್, ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್ ರಬ್ಬರ್) ಚಪ್ಪಲಿ ನಮ್ಮ ಹಳ್ಳಿಗಳಿಗೆ ಹೊಸ ಪಟ್ಟಿಗಳಷ್ಟು ಬೇಗ ತಲುಪಲಿಲ್ಲ ಎಂಬುದೇ ನನ್ನ ಕೊರಗು.

ಶುಗರ್ ಇರುವ ಹಿರಿಯರು ಮನೆಯಲ್ಲಿದ್ದರೆ ರಾತ್ರಿ ಊಟಕ್ಕೆ ಮೊದಲು ಅವರ ಅಂಗಾಲು, ಬೆರಳ ಸಂದು ನೋಡಿ. ಚಿಕ್ಕ ಗುಳ್ಳೆ ಕಂಡರೂ ನೋವಿಲ್ಲವೆಂದು ಬಿಡಬೇಡಿ, ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.