ಇಲ್ಲದ ತೊಟ್ಟಿಗೆ ನಾಲ್ಕು ಭಾನುವಾರ ನೀರು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಮನುಷ್ಯರಿಗೆ. ಮೀನಿಗೆ ಹಾಸಿಗೆ ಎಷ್ಟು ದೊಡ್ಡದಿರಬೇಕು ಎಂಬುದನ್ನು ಯಾವ ಗಾದೆಯೂ ಹೇಳುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಇರುವುದೇ ಸಾಕೇ, ದೊಡ್ಡದು ತರೋಣವೇ? ಅದರಲ್ಲೂ ಸಮುದ್ರದ ಮೀನಾದರೆ ಪ್ರಶ್ನೆ ಇನ್ನೂ ಬಿಗಿ. ನಮ್ಮ ಹೊಸಪೇಟೆಯಿಂದ ಕಾರವಾರದ ಕಡಲಿಗೆ ಸುಮಾರು ಮುನ್ನೂರು ಕಿಲೋಮೀಟರ್. ವಾಸ್ಕೋ ಕಡೆಯ ರೈಲು ನಮ್ಮೂರಿನ ಮೇಲೇ ಹಾದುಹೋಗುತ್ತದೆ ನಿಜ, ಆದರೆ ಅದರಲ್ಲಿ ಸಮುದ್ರವೇನೂ ಬರುವುದಿಲ್ಲವಲ್ಲ! ಆ ಸಮುದ್ರವನ್ನು ಮನೆಯಲ್ಲೇ ಕಲಸಿಕೊಳ್ಳಬೇಕು.

ನಮ್ಮ ಮೈದುನನಿಗೆ ದೂರದ ಊರಿಗೆ ವರ್ಗವಾದಾಗ ಅವನ ತೊಟ್ಟಿ ನಮ್ಮ ಪಡಸಾಲೆಗೆ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಮರಳು, ಕಲ್ಲು ಕಳೆದರೆ ಸುಮಾರು 60 ಲೀಟರ್ ನೀರು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ನಮ್ಮತ್ತೆ ಮೊದಲ ದಿನವೇ ನಕ್ಕರು. "ಮೀನಿಗೆ ಉಪ್ಪು ಹಾಕೋದು ಸಾರು ಮಾಡುವಾಗ ಅಂತ ಕೇಳಿದ್ದೆ. ಜೀವಂತ ಇರುವಾಗ್ಲೇ ಹಾಕೋದು ನಮ್ಮ ಮನ್ಯಾಗೇ ನೋಡಿದ್ದು!"

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಈ ಮೀನುಗಳ ಸಂಸಾರವನ್ನು ನೋಡುವುದೇ ಒಂದು ಸೊಗಸು. ಕ್ಲೌನ್ ಮೀನು ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಿನಲ್ಲಿ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಯಜಮಾನಿಕೆ ಅದರದೇ. ಅದು ಸತ್ತರೆ ಜೊತೆಗಾರ ಗಂಡು ಹೆಣ್ಣಾಗಿ ಆ ಪಟ್ಟಕ್ಕೆ ಏರುತ್ತದೆ. ಇದನ್ನು ಹೇಳಿದಾಗಿನಿಂದ ನಮ್ಮನೆಯವರು ತೊಟ್ಟಿಯ ಮುಂದೆ ಸ್ವಲ್ಪ ಗಂಭೀರವಾಗಿ ಕೂರುತ್ತಾರೆ.

ಆಗ ಪರಿಚಯದವರೊಬ್ಬರು ತಮ್ಮ ನಾಲ್ಕಡಿ ತೊಟ್ಟಿಯನ್ನು ಮಾರಲು ಹೊರಟರು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಮಕ್ಕಳು ಕುಣಿದರು. ಮೀನಿನಂಗಡಿಯವನೂ ದನಿಗೂಡಿಸಿದ. "ಅಕ್ಕಾ, ತೊಟ್ಟಿ ದೊಡ್ಡದಾದಷ್ಟೂ ಸುಲಭ ರೀ. ಸಣ್ಣದ್ರಾಗ ನೀರು ಬೇಗ ಕೆಡ್ತೈತಿ." ನನ್ನ ಚೀಟಿ ಹಣ ಆ ತಿಂಗಳೇ ಕೈಗೆ ಬರುವುದಿತ್ತು. ಅದನ್ನು ಅಡಿಗೆಮನೆಗೆ ಹೊಸ ಕಟ್ಟೆ ಹಾಕಿಸಲು ಎತ್ತಿಟ್ಟಿದ್ದೆ. ಕಟ್ಟೆಯೋ ತೊಟ್ಟಿಯೋ ಎಂದು ಮನೆಯಲ್ಲಿ ಎರಡು ಪಕ್ಷವಾಯಿತು.

ಅಂಗಡಿಯವನ ಮಾತು ಸುಳ್ಳಲ್ಲ ಗೆಳತಿಯರೇ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಕಲ್ಲು ಮರಳಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟಾಗಿ ಕಾಡದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಒಂದು ಹಿಡಿ ಆಹಾರ ಹೆಚ್ಚು ಬಿತ್ತು ಅನ್ನಿ. 60 ಲೀಟರಿನಲ್ಲಿ ಅದು ದೊಡ್ಡ ಗಂಡಾಂತರ, 230 ಲೀಟರಿನಲ್ಲಿ ಕರಗಿ ತೆಳುವಾಗುತ್ತದೆ. ಬಿಸಿಲಿನ ಮಾತೂ ಹಾಗೆಯೇ. ಪಾತ್ರೆಯ ನೀರು ಬೇಗ ಕಾಯುತ್ತದೆ, ಹಂಡೆಯ ನೀರು ನಿಧಾನ. ಅಷ್ಟರಮಟ್ಟಿಗೆ ದೊಡ್ಡದೇ ವಾಸಿ.

ಆದರೆ ಎಲ್ಲದಕ್ಕೂ ಈ ಲೆಕ್ಕ ಹೊಂದುವುದಿಲ್ಲ. ನೀರು ಆವಿಯಾಗುವುದು ತೊಟ್ಟಿಯ ಬಾಯಿಯ ಅಗಲವನ್ನು ನೋಡಿ, ಒಳಗಿನ ನೀರನ್ನು ನೋಡಿ ಅಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಾರು ಕುದ್ದು ಬತ್ತಿದರೆ ಉಪ್ಪಾಗುವುದಿಲ್ಲವೇ? ಇಲ್ಲೂ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಫ್ಯಾನಿನ ಗಾಳಿಗೆ ಸಣ್ಣ ತೊಟ್ಟಿಯಿಂದ ದಿನಕ್ಕೆ ಒಂದು ಲೀಟರ್ ಇಂಗುತ್ತದೆ. ನಾಲ್ಕಡಿಯದರ ಬಾಯಿ ಇದರ ಮೂರರಷ್ಟು, ಹಾಗಾಗಿ ಅಲ್ಲಿ ಮೂರು ಲೀಟರ್. ಮೂರು ದಿನ ಯಾರೂ ನೋಡದಿದ್ದರೆ ಸಣ್ಣದರಲ್ಲಿ 35 ಇದ್ದದ್ದು 37ರ ಹತ್ತಿರ ಬರುತ್ತದೆ, ದೊಡ್ಡದರಲ್ಲಿ 36 ದಾಟುತ್ತದೆ. ವ್ಯತ್ಯಾಸ ಅಷ್ಟೇ! ಇಂಗಿದ್ದಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು, ಅದೂ ದಿನಾ.

ಫ್ಯಾನು ಯಾಕೆ ಅನ್ನುತ್ತೀರಾ? ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವ ಉಪಾಯವೇ ಇದು. ಹೊರಗೆ 40 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಮೀನಿಗೆ ಬೇಕಾದದ್ದು 25ರಿಂದ 27. ನೀರಿನ ಮೇಲೆ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದೂ ಸಾಲದಿದ್ದರೆ ಚಿಲ್ಲರ್ ಎಂಬ ಯಂತ್ರ ಬೇಕು. ಅದು ಫ್ರಿಜ್ಜಿನ ಹಿಂಬದಿಯಂತೆ ತೊಟ್ಟಿಯ ಬಿಸಿಯನ್ನು ತೆಗೆದು ನಮ್ಮ ಪಡಸಾಲೆಗೆ ಬಿಡುತ್ತದೆ. ಕರೆಂಟು ಹೋದರೆ ಎರಡೂ ನಿಲ್ಲುತ್ತವೆ. ಬಿಸಿನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಡುವುದರಿಂದ ಆಗ ಮೀನಿಗೆ ಉಸಿರಾಟದ ಕಷ್ಟವೂ ಸೇರುತ್ತದೆ.

ಇನ್ನು ಕೆಲಸದ ಲೆಕ್ಕ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸಬೇಕು. ಸಣ್ಣದಕ್ಕೆ 6 ಲೀಟರ್ ನೀರು, 210 ಗ್ರಾಂ ಉಪ್ಪು. ದೊಡ್ಡದಕ್ಕೆ 23 ಲೀಟರ್ ನೀರು, 800 ಗ್ರಾಂ ಉಪ್ಪು. ದೊಡ್ಡದನ್ನು ಮೊದಲ ಸಲ ತುಂಬಲು ಎಂಟು ಕಿಲೋ ಉಪ್ಪು ಬೇಕು. ಕಂಪ್ಲಿಯ ನಮ್ಮಕ್ಕ, "ನಮ್ಮ ಬೋರಿನ ನೀರೇ ಉಪ್ಪು ಐತಲ್ಲ, ಒಯ್ದು ಹಾಕು" ಅಂದಳು. ಆ ಉಪ್ಪು ಬೇರೆ, ಈ ಉಪ್ಪು ಬೇರೆ. ಅಡಿಗೆ ಉಪ್ಪೂ ಆಗದು. ಕಡಲಿನ ಉಪ್ಪಿನಲ್ಲಿ ನೂರಕ್ಕೆ ಸುಮಾರು 85 ಪಾಲು ಮಾತ್ರ ನಮ್ಮ ಅಡಿಗೆ ಉಪ್ಪು, ಉಳಿದದ್ದು ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವು. ಅದಕ್ಕೆಂದೇ ಬರುವ ಉಪ್ಪನ್ನು ಆರ್‌ಓ ನೀರಿನಲ್ಲಿ ಕಲಸಬೇಕು. ಆರ್‌ಓ ಯಂತ್ರವೋ, ಒಂದು ಕೊಡ ಕೊಡುವಷ್ಟರಲ್ಲಿ ಎರಡು ಮೂರು ಕೊಡ ಹೊರಗೆ ಚೆಲ್ಲುತ್ತದೆ. ಬೇಸಿಗೆಯಲ್ಲಿ ನಲ್ಲಿ ನೀರಿಗೆ ಕಾಯುವ ನಾವು ಇದನ್ನು ಲೆಕ್ಕಕ್ಕೆ ತಗೋಬೇಡವೇ?

ತೂಕವನ್ನೂ ನೋಡಿ. ನೀರು, ಗಾಜು, ಕಲ್ಲು ಸೇರಿ ನಾಲ್ಕಡಿ ತೊಟ್ಟಿ ಮುನ್ನೂರು ಕಿಲೋ ದಾಟುತ್ತದೆ. 25 ಕಿಲೋದ ಸೋನಾಮಸೂರಿ ಚೀಲ ಹನ್ನೆರಡನ್ನು ಒಂದು ಮೇಜಿನ ಮೇಲೆ ಒಟ್ಟಿದಂತೆ! ಹಳೆಯ ತೊಟ್ಟಿಯಾದರೆ ಗಾಜಿನ ಅಂಟು ಬಿಟ್ಟಿರಬಹುದು. ಅಂಗಳದಲ್ಲಿಟ್ಟು ಬರೀ ನೀರು ತುಂಬಿ ನಾಲ್ಕು ದಿನ ನೋಡದೆ ಒಳಗೆ ತರಬಾರದು. ನೀರು ಹೆಚ್ಚಾದಷ್ಟೂ ಕಾವಲು ಹೆಚ್ಚಬೇಕು ಎಂಬುದನ್ನು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತಲ್ಲ, ತುಂಬಿದ ಜಲಾಶಯದ ನೀರು ಹೊಳೆಯ ಪಾಲಾಗುವುದನ್ನು ನಾವೆಲ್ಲ ಎದೆ ಹಿಡಿದುಕೊಂಡು ನೋಡಿದೆವು.

ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದಾಗಲೂ ಇದೇ ನೆನಪಾಗುತ್ತದೆ. ರಾಜಾಂಗಣದ ಮೆಟ್ಟಿಲು ಪುಷ್ಕರಣಿಯ ಮುಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲೇ ನೀರು ತರುತ್ತಿದ್ದ ಕಲ್ಲಿನ ಕಾಲುವೆಯ ಕಡೆ ಕಣ್ಣು ಹಾಯಿಸುವವರು ಕಡಿಮೆ. ತೊಟ್ಟಿಯ ಚೆಂದ ಎಲ್ಲರಿಗೂ ಕಾಣುತ್ತದೆ, ನೀರು ಬರುವ ದಾರಿ ಯಾರಿಗೂ ಕಾಣುವುದಿಲ್ಲ.

ಮನೆಯ ತೊಟ್ಟಿಗೆ ಆ ಕಾಲುವೆ ಯಾರು? ನಾವೇ ಅಲ್ಲವೇ!

ಇದು ಇಂದಿನ ಕತೆಯೇನಲ್ಲ. 1846ರಲ್ಲಿ ಆನಾ ಥಿನ್ ಎಂಬ ಇಂಗ್ಲೆಂಡಿನ ಗೃಹಿಣಿ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಕಡಲಿನಿಂದ ದೂರದ ಊರು, ಆಗ ಪಂಪೂ ಇಲ್ಲ, ಕರೆಂಟೂ ಇಲ್ಲ. ನೀರಿಗೆ ಗಾಳಿ ತಾಗಲೆಂದು ತೆರೆದ ಕಿಟಕಿಯ ಎದುರು ಪಾತ್ರೆಯಿಂದ ಪಾತ್ರೆಗೆ ಅರ್ಧ ಮುಕ್ಕಾಲು ಗಂಟೆ ಸುರಿಯಬೇಕಿತ್ತು, ನಾವು ಕಾಫಿ ಆರಿಸುತ್ತೇವಲ್ಲ ಹಾಗೆ. ಸುರಿದವಳು ಆಕೆಯಲ್ಲ, ಮನೆಗೆಲಸದ ಹುಡುಗಿ. ಆ ಹುಡುಗಿಗೆ ಅದೊಂದು ಆಟದಂತಿತ್ತು ಎಂದು ಆಕೆಯೇ ಬರೆದಿಟ್ಟಿದ್ದಾಳೆ. ಇರಬಹುದು. ಆ ಹುಡುಗಿಯನ್ನು ಕೇಳಿದ್ದರೆ ಏನನ್ನುತ್ತಿದ್ದಳೋ!

ಈ ಕತೆಯನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದೆ. ನಮ್ಮನೆಯವರು, "ನೀರು ನಾನು ಎತ್ತಿ ಕೊಡ್ತೀನಿ ಬಿಡು" ಅಂದರು. ಮಕ್ಕಳು, "ನಾವೂ ಹೊರ್ತೀವಿ ಅಮ್ಮಾ" ಅಂದವು. ಜಗಳವಾಡಲಿಲ್ಲ ನಾನು. ಒಂದು ಕರಾರು ಹಾಕಿದೆ. ತೊಟ್ಟಿ ಈಗಲೇ ಬೇಡ. ನಾಲ್ಕು ಭಾನುವಾರ, ತೊಟ್ಟಿ ಇದೆ ಎಂದೇ ಭಾವಿಸಿ 23 ಲೀಟರ್ ನೀರನ್ನು ಹಿತ್ತಲಿನಿಂದ ಪಡಸಾಲೆಗೆ ತರಬೇಕು, ಅಷ್ಟೇ ನೀರನ್ನು ಪಡಸಾಲೆಯಿಂದ ಹೊರಗೆ ಒಯ್ಯಬೇಕು. ದಿನಾ ಬೆಳಿಗ್ಗೆ ಮೂರು ಲೀಟರ್ ಅಳೆದು ಇಡಬೇಕು. ಕ್ಯಾಲೆಂಡರಿನಲ್ಲಿ ಮಾಡಿದವರ ಹೆಸರು ಬರೆಯಬೇಕು. ನಿಜವಾದ ತೊಟ್ಟಿಯ ಉಪ್ಪುನೀರಾದರೆ ಗಿಡಕ್ಕೆ ಹಾಕುವಂತಿಲ್ಲ, ಮೋರಿಗೇ ಹೋಗಬೇಕು. ಇದು ಸಿಹಿನೀರು, ಅಂತೂ ನಮ್ಮ ಮಲ್ಲಿಗೆ ಬಳ್ಳಿಗೆ ಹಬ್ಬ!

ಮೊದಲ ಭಾನುವಾರ ಮೂವರೂ ಉತ್ಸಾಹದಿಂದ ಹೊತ್ತರು. ಎರಡನೆಯ ಭಾನುವಾರ ಕ್ರಿಕೆಟ್ ಇತ್ತು, ಅರ್ಧ ನೀರು ಬಂತು. ಮೂರನೆಯ ಭಾನುವಾರ ಕಂಪ್ಲಿಯಲ್ಲಿ ಮದುವೆ, ಎರಡು ದಿನ ಮನೆಗೆ ಬೀಗ. ನಾಲ್ಕನೆಯ ಭಾನುವಾರದ ಚೌಕದಲ್ಲಿ ಯಾರ ಹೆಸರೂ ಇರಲಿಲ್ಲ. ಅವತ್ತು ನಾನೂ ಬೇಕೆಂದೇ ಸುಮ್ಮನೆ ಕೂತೆ. ಸಂಜೆ ನಮ್ಮನೆಯವರು ಕ್ಯಾಲೆಂಡರಿನ ಮುಂದೆ ಸ್ವಲ್ಪ ಹೊತ್ತು ನಿಂತು, "ಅವರಿಗೆ ಬೇಡ ಅಂತ ಹೇಳಿಬಿಡ್ತೀನಿ" ಅಂದರು. ಮಾತು ಅಲ್ಲಿಗೆ ಮುಗಿಯಿತು. ಸಣ್ಣವನು ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದ.

ಚೀಟಿ ಹಣದಲ್ಲಿ ಕಟ್ಟೆ ಬಂತು. ಅದರಲ್ಲೇ ಸ್ವಲ್ಪ ತೆಗೆದು ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪು, ತೊಟ್ಟಿಯ ಅಂಚಿಗೆ ಸಿಕ್ಕಿಸುವ ಫ್ಯಾನು ಕೊಂಡೆವು. ಕರೆಂಟು ಹೋದ ರಾತ್ರಿ ಈಗ ನಿದ್ದೆ ಕೆಡುವುದಿಲ್ಲ. 60 ಲೀಟರಿಗೆ ಎರಡು ಕ್ಲೌನ್ ಮೀನು ಸರಿ, ಮೂರನೆಯದು ಬೇಡ ಎಂಬ ಕಟ್ಟಳೆಯನ್ನೂ ಹಾಕಿಕೊಂಡಿದ್ದೇವೆ. ದೊಡ್ಡ ತೊಟ್ಟಿ ತಂದವರು ಸಾಮಾನ್ಯವಾಗಿ ಮಾಡುವುದೇನು? ಜಾಗವಿದೆಯೆಂದು ಮೀನು ತುಂಬುತ್ತಾರೆ. ಆಮೇಲೆ ಸಣ್ಣ ತೊಟ್ಟಿಯ ಇಕ್ಕಟ್ಟೇ ಅಲ್ಲೂ.

ನಿಮ್ಮ ಮನೆಯಲ್ಲಿ ನಾಲ್ಕು ಭಾನುವಾರವೂ ನೀರು ಬಂದರೆ ಧಾರಾಳವಾಗಿ ದೊಡ್ಡದು ಕೊಳ್ಳಿ. ಮೀನಿಗೆ ಅದೇ ಸುಖ. ಆಗ ಮೂರು ಮಾತು ನೆನಪಿಡಿ. ಒಂದು, ಹೊಸ ತೊಟ್ಟಿಯಲ್ಲಿ ಸೂಕ್ಷ್ಮಜೀವಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಮೊಸರಿಗೆ ಹೆಪ್ಪು ಇದ್ದಂತೆ ಹಳೆಯ ತೊಟ್ಟಿಯ ಕಲ್ಲು, ಮರಳನ್ನು ಹಾಕಿದರೆ ಬೇಗ ಆಗುತ್ತದೆ. ಹಾಗೆಂದು ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವತನಕ ಮೀನು ಬಿಡಬೇಡಿ. ಎರಡು, ಚೆಂದಕ್ಕೆಂದು ಯಾರಾದರೂ ಹವಳ, ಕಡಲಕುದುರೆ ತೋರಿಸಿದರೆ ಬೇಡವೆನ್ನಿ. ನಮ್ಮ ಕಡಲಿನ ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಗೆ, ಅಂದರೆ ಹುಲಿಯ ಸಾಲಿಗೆ ಸೇರಿಸಿದ್ದಾರೆ. ಮೂರು, ಮೀನು ಕೊಳ್ಳುವಾಗ ಸಾಕಿ ಮರಿ ಮಾಡಿಸಿದ್ದೇ ಎಂದು ಕೇಳಿ. ತೊಟ್ಟಿಗೆ ಬರುವ ಕಡಲ ಮೀನುಗಳಲ್ಲಿ ಬಹುಪಾಲು ಸಮುದ್ರದಿಂದ ಹಿಡಿದು ತಂದವೇ. ಕ್ಲೌನ್ ಮೀನಿನ ಮರಿಗಳನ್ನು ಸಾಕಣೆಯಲ್ಲೇ ಪಡೆಯುವ ವಿಧಾನವನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ್ದಾರೆ.

ಸಂಡೂರಿನ ನನ್ನ ನಾದಿನಿಯದು ಇನ್ನೊಂದು ಮಾತು. "ಅತ್ತಿಗೀ, ಬ್ಯಾಸರಾದ್ರ ಹೊಳಿಗೆ ಬಿಟ್ರಾತು ಬಿಡ್ರಿ." ಹಾಗಲ್ಲ. ಕಡಲ ಮೀನು ಸಿಹಿನೀರಿನಲ್ಲಿ ಬದುಕುವುದಿಲ್ಲ. ಸಿಹಿನೀರಿನ ಪರದೇಶಿ ಮೀನು ಬದುಕಿಬಿಟ್ಟರೆ ಹೊಳೆಯ ಮೀನಿಗೇ ಕುತ್ತು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ತಾಣವೆಂದು ಸಾರಿದ್ದಾರೆ. ಆ ನೀರುನಾಯಿಗಳ ಊಟ ಆ ಹೊಳೆಯ ಮೀನೇ ತಾನೇ? ಚೆನ್ನಾಗಿ ನೋಡಿಕೊಂಡರೆ ಕ್ಲೌನ್ ಮೀನು ಹತ್ತು ವರ್ಷ ಮೀರಿಯೂ ಬಾಳುತ್ತದೆ. ಶಾಲೆಗೆ ಹೋಗುವ ಮಗ ಕೆಲಸಕ್ಕೆ ಸೇರುವತನಕ ಅದು ನಿಮ್ಮ ಪಡಸಾಲೆಯಲ್ಲೇ ಇರುತ್ತದೆ. ತೊಟ್ಟಿ ಎಷ್ಟಡಿಯದು ಎಂದು ಕೇಳುವ ಮೊದಲು, ಅಷ್ಟು ವರ್ಷ ಕೊಡ ಎತ್ತುವವರು ಯಾರು ಎಂದು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕೇಳಿ. ಉತ್ತರವನ್ನು ಬಾಯಲ್ಲಿ ಪಡೆಯಬೇಡಿ, ಕ್ಯಾಲೆಂಡರಿನ ಮೇಲೆ ಬರೆಸಿಕೊಳ್ಳಿ.