ಸಣ್ಣ ಮೀನು ಕಳೆ ಅಲ್ಲ

ಫೋನ್ ತೆಗೆದು ಯಾವುದೇ ಡೆಲಿವರಿ ಆ್ಯಪ್‌ನಲ್ಲಿ ಮೀನು ಅಂತ ಹುಡುಕಿ. ಅಂಜಲ್, ರೋಹು, ಕಾಟ್ಲಾ, ಮುಳ್ಳು ತೆಗೆದ ತುಂಡು, ಎಲ್ಲಾ ಇರುತ್ತೆ. ಸಂತೆಯಲ್ಲಿ ಗುಪ್ಪೆ ಹಾಕಿ ಮಾರುವ ಬೆರಳುದ್ದದ ಹೊಳೆಮೀನು ಮಾತ್ರ ಕಾಣೋದು ಅಪರೂಪ.

ನಾನು ಹೊಸಪೇಟೆ ಕಡೆಯವನು. ನಮಗೆ ಮೀನು ಅಂದ್ರೆ ತುಂಗಭದ್ರಾ ಡ್ಯಾಮಿನ ಹಿನ್ನೀರಿನದ್ದೇ. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ನೀರು ಅದು. ಇಂಥ ಜಲಾಶಯಗಳಿಗೆ ಮೀನುಗಾರಿಕೆ ಇಲಾಖೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಡುತ್ತೆ. ಇವುಗಳ ಜೊತೆಗೇ, ಯಾರೂ ಬಿಡದೆ ತಾವಾಗಿಯೇ ಹುಟ್ಟಿ ಬೆಳೆಯುವ ಸಣ್ಣ ನಾಡಮೀನುಗಳೂ ಇರುತ್ತವೆ. ಮೀನುಗಾರಿಕೆಯ ಪುಸ್ತಕಗಳು ಬಹಳ ಕಾಲ ಇವನ್ನು ‘ಕಳೆ ಮೀನು’ ಅಂತಲೇ ಕರೆದವು. ಬಿತ್ತಿದ ಮೀನಿನ ಮೇವನ್ನು ಇವು ತಿಂದುಬಿಡುತ್ತವೆ ಅನ್ನೋದು ದೂರು.

ನಮ್ಮವ್ವನಿಗೆ ಅವು ಕಳೆ ಆಗಿರಲಿಲ್ಲ. ಹುಣಸೆಹುಳಿ, ಖಾರ ಹಾಕಿ ತಲೆ ಸಮೇತ ಬೇಯಿಸೋಳು. ನಾನು ತಲೆ ಮುರಿದು ತಟ್ಟೆ ಪಕ್ಕಕ್ಕಿಟ್ಟರೆ, “ಯಾಕ ಬಿಸಾಕ್ತಿ? ಸತ್ವ ಎಲ್ಲಾ ಅದರಾಗ ಐತಿ, ತಿನ್ನು” ಅನ್ನೋಳು.

ಅವ್ವ ಹೇಳಿದ್ದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ಬಾಂಗ್ಲಾದೇಶದಲ್ಲಿ ಮೋಲಾ ಎಂಬ ಪುಟ್ಟ ಮೀನಿನ ಮೇಲೆ ನಡೆದ ಸಂಶೋಧನೆಯಲ್ಲಿ, ಅದರ ಕಣ್ಣು ಮತ್ತು ಒಳಭಾಗಗಳಲ್ಲಿ ವಿಟಮಿನ್ ಎ ಹೇರಳವಾಗಿರೋದು ಗೊತ್ತಾಯ್ತು. ಈ ಕೆಲಸ ಮಾಡಿದ ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್ ಅವರಿಗೆ 2021ರ ವಿಶ್ವ ಆಹಾರ ಪ್ರಶಸ್ತಿ ಬಂತು. ಎಲ್ಲಾ ಸಣ್ಣ ಮೀನಿಗೂ ಅದೇ ಅಂಕಿ ಹೊಂದಲ್ಲ, ನಿಜ. ಆದರೆ ಇಡಿಯಾಗಿ ತಿಂದಾಗ ಮುಳ್ಳಿನ ಕ್ಯಾಲ್ಸಿಯಂ ಕೂಡ ಹೊಟ್ಟೆಗೆ ಹೋಗುತ್ತೆ. ದೊಡ್ಡ ಮೀನಿನ ಮುಳ್ಳು ಹೋಗೋದು ಕಸದ ಬುಟ್ಟಿಗೆ.

ಹಾಗಾದ್ರೆ ಬೇಕಾದಷ್ಟು ಹಿಡಿಯಬಹುದಲ್ಲ? ತೊಡಕು ಇರೋದು ಬಲೆಯಲ್ಲಿ. ಹಿನ್ನೀರಿನಲ್ಲಿ ಅಲಿವಿ ಅನ್ನೋ ಉದ್ದನೆಯ ಎಳೆಬಲೆ ಬಳಸ್ತಾರೆ. ಅದರ ಕಣ್ಣು ತೀರಾ ಸಣ್ಣದು. ದಡದಿಂದ ಸುತ್ತುಹಾಕಿ ಎಳೆದರೆ ನಾಡಮೀನಿನ ಜೊತೆ ಕಾಟ್ಲಾ, ರೋಹು ಮರಿಗಳೂ ಬರುತ್ತವೆ. ನಮ್ಮ ಕೋಡಿಂಗ್ ಭಾಷೆಯಲ್ಲಿ ಹೇಳೋದಾದ್ರೆ, ಫಿಲ್ಟರ್ ಗಾತ್ರ ಮಾತ್ರ ನೋಡುತ್ತೆ, ಜಾತಿ ನೋಡಲ್ಲ. ಬೆರಳುದ್ದದಲ್ಲೇ ಬೆಳವಣಿಗೆ ಮುಗಿದ ಮೀನೂ ಒಂದೇ, ಮುಂದೆ ಕಿಲೋಗಟ್ಟಲೆ ತೂಗಬೇಕಾದ ಮರಿಯೂ ಒಂದೇ.

ಅದಕ್ಕೇ ಇಂಥ ಬಲೆ ನಿಷೇಧಿಸಬೇಕು ಅನ್ನೋದು ಸುಲಭ. ಹೋದ ವರ್ಷ ಹಿನ್ನೀರಿನ ದಂಡೆಯಲ್ಲಿ ಮೀನು ಹಿಡಿಯುವ ಅಣ್ಣನೊಬ್ಬನಿಗೆ ನಾನೂ ಅದನ್ನೇ ಅಂದೆ. ಬಲೆ ಬಿಡಿಸುತ್ತಲೇ ಆತ ಕೇಳಿದ: “ದೊಡ್ಡ ಮೀನಿಗೆ ಬಲಿ ಹಾಕಿ ಖಾಲಿ ಕೈಯಾಗ ಬಂದ ದಿನ ಮನಿಗೆ ಏನ್ ಒಯ್ಲಿ, ತಮ್ಮಾ?” ದೊಡ್ಡ ಮೀನು ಐಸ್ ಹೊತ್ತು ಪಟ್ಟಣ ಸೇರುತ್ತೆ. ಸಣ್ಣದು ಅಲ್ಲೇ ಬಿಸಿಲಿಗೆ ಒಣಗಿ ಸಂತೆಗೆ ಬರುತ್ತೆ, ಬಡವರ ಅಡುಗೆಮನೆ ಸೇರುತ್ತೆ. ಬರೀ ನಿಷೇಧದಿಂದ ಮೊದಲು ಖಾಲಿಯಾಗೋದು ಆ ತಟ್ಟೆಗಳೇ.

ಹಿಡಿಯಬೇಕು, ಹೇಗೆ ಅನ್ನೋದು ಮುಖ್ಯ. ಈ ಮೀನುಗಳ ಆಯಸ್ಸು ಕಡಿಮೆ, ಸಂತತಿ ಬೇಗ ಹೆಚ್ಚುತ್ತೆ. ಹಾಗಾಗಿ ಅಳತೆ ಮೀರದ ಹಿಡಿತವನ್ನು ತಡೆದುಕೊಳ್ಳುತ್ತವೆ. ಕಾಟ್ಲಾ, ರೋಹು ಮೊಟ್ಟೆ ಇಡೋದು ಮಳೆಗಾಲದಲ್ಲಿ. ಆ ಸಮಯದಲ್ಲೂ, ಮರಿಗಳು ಸೇರುವ ಜಾಗಗಳಲ್ಲೂ ಎಳೆಬಲೆ ಬೇಡ. ಉಳಿದ ಕಾಲದಲ್ಲಿ ಇಡೀ ದಂಡೆ ಬಾಚುವ ಬದಲು ಸಣ್ಣ ಕಣ್ಣಿನ ಬೀಡುಬಲೆಗೆ ಅವಕಾಶ ಕೊಡಬಹುದು. ಇಲಾಖೆ ಬಿಡುವ ಮರಿ ಇನ್ನಷ್ಟು ದೊಡ್ಡದಿದ್ದರೆ ಅವೂ ಬದುಕುತ್ತವೆ. ಇದನ್ನೆಲ್ಲ ಮೀನುಗಾರರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು. ಯಾವ ಮೂಲೆಯಲ್ಲಿ ಯಾವ ಮೀನು ಇರುತ್ತೆ ಅಂತ ಚೆನ್ನಾಗಿ ಗೊತ್ತಿರೋದು ಅವರಿಗೇ ತಾನೆ?

ನಮ್ಮ ಪಾಲಿನ ಕೆಲಸ ಚಿಕ್ಕದು. ಊರಿಗೆ ಹೋದಾಗ ಸಂತೆಯಲ್ಲಿ ಸಣ್ಣ ಮೀನು ಕೇಳಿ ತಗೊಳ್ಳಿ. ಗುಪ್ಪೆಯಲ್ಲಿ ದಪ್ಪ ತಲೆಯ ಕಾಟ್ಲಾ ಮರಿಗಳು ಕಂಡರೆ, ಬೇಡ ಅಂತ ಹೇಳಿ ಮುಂದಿನ ಗುಪ್ಪೆಗೆ ಹೋಗಿ. ಕೊಳ್ಳೋರು ಏನು ಕೇಳ್ತಾರೆ ಅನ್ನೋದು ಮಾರೋರಿಂದ ಬಲೆ ಹಾಕೋರ ತನಕ ಮುಟ್ಟುತ್ತೆ.