ಸರ್ ರೋಜರನಿಗಿಂತ ಹಿರಿಯ ಮಟ್ಟು

ಬಿ.ಎ.ಗೆ ಇಂಗ್ಲಿಷ್ ಓದಿದ ನಮ್ಮ ತಲೆಮಾರಿನ ಮೇಷ್ಟ್ರುಗಳಿಗೆ ಸರ್ ರೋಜರ್ ಡಿ ಕವರ್ಲಿ ಹೊಸಬನಲ್ಲ. 1711ರಲ್ಲಿ ಲಂಡನ್ನಿನಲ್ಲಿ ಅಡಿಸನ್ ಮತ್ತು ಸ್ಟೀಲ್ ಹೊರಡಿಸಿದ ‘ಸ್ಪೆಕ್ಟೇಟರ್’ ಪತ್ರಿಕೆಯ ಹಳ್ಳಿ ಜಮೀನ್ದಾರ ಅವನು. ಚರ್ಚಿನಲ್ಲಿ ತಾನು ತೂಕಡಿಸಬಹುದು, ಬೇರೆಯವರು ತೂಕಡಿಸಿದರೆ ಮಾತ್ರ ಎಬ್ಬಿಸಿಬಿಡುತ್ತಾನೆ! ಪತ್ರಿಕೆಯ ಎರಡನೆಯ ಸಂಚಿಕೆಯಲ್ಲೇ ಸ್ಟೀಲ್ ಒಂದು ಮಾತು ಸೇರಿಸಿದ: ಈತನ ಮುತ್ತಜ್ಜನೇ ಆ ಹೆಸರಿನ ಪ್ರಸಿದ್ಧ ಕುಣಿತವನ್ನು ಕಂಡುಹಿಡಿದವನಂತೆ.

ಇದು ಬರೀ ತಮಾಷೆ. ಮಟ್ಟು ಮೊದಲೇ ಇತ್ತು, ಮೊಮ್ಮಗನನ್ನು ಆಮೇಲೆ ಹುಟ್ಟಿಸಿದರು. 1695ರ ‘ಡ್ಯಾನ್ಸಿಂಗ್ ಮಾಸ್ಟರ್’ ಪುಸ್ತಕದಲ್ಲಿ ಅದು ‘ರೋಜರ್ ಆಫ್ ಕವರ್ಲಿ’ ಎಂದು ಅಚ್ಚಾಗಿದೆ. ಅಲ್ಲಿ ಅವನಿಗೆ ‘ಸರ್’ ಪದವಿ ಇಲ್ಲ. ಸ್ಕಾಟ್ಲೆಂಡಿನವರು ಇದೇ ಮಟ್ಟನ್ನು ‘ಮಾಲ್ಟ್‌ಮನ್’ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದರು. ಕಟ್ಟಿದವರ ಹೆಸರು ಎಲ್ಲೂ ಉಳಿದಿಲ್ಲ. ಬರೆದವನ ತಮಾಷೆ ಉಳಿಯಿತು, ಪಿಟೀಲು ಹಿಡಿದವನ ಹೆಸರು ಹೋಯಿತು. ನಮಗಂತೂ ಇದು ಅನ್ಯಾಯ ಎಂದೇ ತೋರುತ್ತದೆ.

ಆ ಪುಸ್ತಕದ ಕಥೆಯೂ ಸಣ್ಣದಲ್ಲ. ಜಾನ್ ಪ್ಲೇಫೋರ್ಡ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ ಅದನ್ನು ಮೊದಲು ಹೊರತಂದದ್ದು 1651ರಲ್ಲಿ. ಎರಡು ವರ್ಷದ ಹಿಂದೆ ಅರಸನ ತಲೆ ಕಡಿದಿದ್ದರು, ನಾಟಕಶಾಲೆಗಳಿಗೆ ಬೀಗ ಬಿದ್ದಿತ್ತು. ಅಂಥ ಬಿಗುವಿನ ಕಾಲದಲ್ಲಿ ನೂರಕ್ಕೂ ಹೆಚ್ಚು ಕುಣಿತಗಳ ಪುಸ್ತಕ! ಮುಂದೆ ಅದು ಮತ್ತೆ ಮತ್ತೆ ಅಚ್ಚಾಯಿತು. ಹಾಗೆ ಅಚ್ಚಾದದ್ದರಿಂದ ಇವತ್ತು ನಾವು ಇಷ್ಟಾದರೂ ಮಾತಾಡುತ್ತಿದ್ದೇವೆ.

ಮಟ್ಟಿನ ನಡೆ ಒಂಬತ್ತರದು. ಮೂರು ಪೆಟ್ಟು, ಪ್ರತಿ ಪೆಟ್ಟಿನೊಳಗೆ ಮೂರು ತುಂಡು. ತಕಿಟ ತಕಿಟ ತಕಿಟ ಎಂದು ಕೈ ತಟ್ಟಿ ನೋಡಿ, ಕಾಲು ತಾನಾಗಿ ಏಳುತ್ತದೆ. ಗಂಡಸರದು ಒಂದು ಸಾಲು, ಎದುರಿಗೆ ಹೆಂಗಸರದು ಒಂದು. ಒಂದು ತುದಿಯ ಗಂಡಸು, ಇನ್ನೊಂದು ತುದಿಯ ಹೆಂಗಸು ಓರೆಯಾಗಿ ನಡುವಿಗೆ ಬಂದು ಕೂಡಿ ಹಿಂದೆ ಸರಿಯುತ್ತಾರೆ. ಉಳಿದ ಎರಡು ಮೂಲೆಯವರೂ ಹಾಗೆಯೇ. ಕೊನೆಗೆ ಮೊದಲ ಜೋಡಿ ಕೈ ಎತ್ತಿ ಕಮಾನು ಕಟ್ಟುತ್ತದೆ, ಉಳಿದವರೆಲ್ಲ ಅದರಡಿ ನುಸುಳಿ ತಮ್ಮ ಜಾಗಕ್ಕೆ ಬರುತ್ತಾರೆ. ಮೊದಲ ಜೋಡಿ ಈಗ ಕಡೆಯದಾಗುತ್ತದೆ. ಹೀಗೆ ಪ್ರತಿ ಜೋಡಿಗೂ ಮುಂದಾಳಾಗುವ ಸರದಿ ಬರುತ್ತದೆ. ದೊಡ್ಡವರು ಚಿಕ್ಕವರು ಎನ್ನುವ ಲೆಕ್ಕ ಅಲ್ಲಿಲ್ಲ. ಈ ಒಂದು ಸಂಗತಿ ನಮಗೆ ಬಹಳ ಹಿಡಿಸಿತು.

1843ರಲ್ಲಿ ಡಿಕನ್ಸ್ ‘ಎ ಕ್ರಿಸ್‌ಮಸ್ ಕೆರೋಲ್’ ಕಥೆಯಲ್ಲಿ ಧಣಿ ಫೆಜಿವಿಗ್ ಹೆಂಡತಿಯೊಡನೆ ಕುಣಿಯುವುದು ಇದಕ್ಕೇ. ಆ ಔತಣಕ್ಕೆ ಗುಮಾಸ್ತರು, ಅಡಿಗೆಯವಳು, ಹಾಲಿನವನು ಎಲ್ಲರೂ ಬಂದಿರುತ್ತಾರೆ.

ಕಡಲು ದಾಟಿದಾಗ ಒಂದು ವಿಚಿತ್ರ ನಡೆಯಿತು. ಅಮೆರಿಕದಲ್ಲಿ ಈ ಕುಣಿತದ ಹೆಜ್ಜೆಗಳು ‘ವರ್ಜಿನಿಯಾ ರೀಲ್’ ಎಂಬ ಹೆಸರಿನಲ್ಲಿ ಊರೂರು ಹರಡಿ ಅಲ್ಲಿನ ಶಾಲೆಗಳ ವ್ಯಾಯಾಮದ ತರಗತಿಯನ್ನೂ ಸೇರಿದವು. ಹಳೆಯ ಮಟ್ಟು ಮಾತ್ರ ಅವುಗಳ ಜೊತೆ ಉಳಿಯಲಿಲ್ಲ. ಅಲ್ಲಿ ಬೇರೆ ಬೇರೆ ಮಟ್ಟುಗಳಿಗೆ ಕುಣಿಯುತ್ತಾರೆ. ಇತ್ತ ಇಂಗ್ಲೆಂಡಿನಲ್ಲಿ ಫ್ರಾಂಕ್ ಬ್ರಿಜ್ 1922ರಲ್ಲಿ ಆ ಮಟ್ಟನ್ನೇ ತಂತಿವಾದ್ಯಗಳಿಗೆ ಅಳವಡಿಸಿ, ಕೊನೆಯ ಭಾಗದಲ್ಲಿ ಸ್ಕಾಟ್ಲೆಂಡಿನ ‘ಆಲ್ಡ್ ಲ್ಯಾಂಗ್ ಸೈನ್’ ಹಾಡನ್ನು ಅದರೊಳಗೆ ಹೆಣೆದ.